ಮಗಳದ್ದು ಎಚ್-4, ಓದಿದ್ದು ಟೆಕ್ಸಾಸ್ ಹೈಸ್ಕೂಲು: ಇನ್‌ಸ್ಟೇಟ್ ಫೀ ಸಿಗುತ್ತಾ ಇಲ್ವಾ?

ಫ್ರಿಸ್ಕೋ_ಅಮ್ಮ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ನಾವು 2023ರ ಆಗಸ್ಟ್‌ನಲ್ಲಿ ನ್ಯೂಜೆರ್ಸಿಯಿಂದ ಟೆಕ್ಸಾಸ್‌ನ ಫ್ರಿಸ್ಕೋಗೆ ಬಂದೆವು. ಯಜಮಾನರದ್ದು ಎಚ್-1ಬಿ ಕೆಲಸದ ವೀಸಾ, ನನ್ನದು ಮತ್ತು ಮಗಳದ್ದು ಅದರ ಮೇಲೆ ಬರುವ ಕುಟುಂಬದ ವೀಸಾ, ಎಚ್-4. ಐ-140 (ಗ್ರೀನ್ ಕಾರ್ಡ್‌ಗೆ ಕಂಪನಿ ಹಾಕುವ ಅರ್ಜಿ) ಆಗಿದೆ, ಇಬಿ-2 ವರ್ಗ, ಪ್ರಯಾರಿಟಿ ಡೇಟ್ ಅಂದ್ರೆ ಸರದಿಯ ದಿನ 2016ರದ್ದು. ಅಂದ್ರೆ ಗ್ರೀನ್ ಕಾರ್ಡ್ ಕಥೆ ಏನು ಅಂತ ನಿಮಗೇ ಗೊತ್ತು, ಇನ್ನೂ ಕಾಯುತ್ತಲೇ ಇದ್ದೇವೆ. ಮಗಳು ಮೂರನೇ ಕ್ಲಾಸಿನಿಂದ ಅಮೆರಿಕದಲ್ಲೇ ಓದಿದ್ದಾಳೆ. ಈಗ 12ನೇ ಕ್ಲಾಸು, 2026ರ ಮೇ ತಿಂಗಳಲ್ಲಿ ಗ್ರಾಜುಯೇಷನ್. ಯುಟಿ (ಯೂನಿವರ್ಸಿಟಿ ಆಫ್ ಟೆಕ್ಸಾಸ್) ಆಸ್ಟಿನ್, ಯುಟಿ ಡಾಲಸ್, ಟೆಕ್ಸಾಸ್ ಎ ಆಂಡ್ ಎಂ, ಮೂರಕ್ಕೂ ಅರ್ಜಿ ಹಾಕುತ್ತಿದ್ದಾಳೆ.

ಈಗ ತಲೆನೋವು ಏನಂದ್ರೆ, ಪಕ್ಕದ ಮನೆಯವರು "ಜೂನ್‌ನಲ್ಲಿ ಕೋರ್ಟ್ ಆರ್ಡರ್ ಬಂತಲ್ಲ, ಇನ್ಮೇಲೆ ಸಿಟಿಜನ್, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ ಇನ್‌ಸ್ಟೇಟ್ ಫೀ" ಅಂತ ಹೇಳಿಬಿಟ್ಟರು. ಅವತ್ತಿನಿಂದ ಮನೆಯಲ್ಲಿ ಇದೇ ಮಾತು. ಆಸ್ಟಿನ್‌ನಲ್ಲಿ ರಾಜ್ಯದ ಮಕ್ಕಳಿಗೆ ವರ್ಷಕ್ಕೆ 11-13 ಸಾವಿರ ಡಾಲರ್ ಫೀ ಆದರೆ ಹೊರಗಿನವರಿಗೆ 40 ಸಾವಿರಕ್ಕೂ ಮೇಲೆ. ಅದೂ ಬರೀ ಫೀ, ಊಟ ವಸತಿ ಬೇರೆ. ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿದರೆ ಮೈಸೂರಿನಲ್ಲಿ ಸೈಟು ತಗೊಂಡು ಮನೇನೇ ಕಟ್ಟಿಸಬಹುದು.

ಇನ್ನೊಬ್ಬರು "ಮೂರು ವರ್ಷ ಟೆಕ್ಸಾಸ್‌ನಲ್ಲಿ ಇದ್ದು ಹೈಸ್ಕೂಲ್ ಮುಗಿಸಿದರೆ ಸಾಕು, ವೀಸಾ ಯಾವುದಾದರೂ ಪರವಾಗಿಲ್ಲ" ಅಂತಾರೆ. ಯಾರ ಮಾತು ನಂಬೋದು?

ಸಾಲದ್ದಕ್ಕೆ ಯಜಮಾನರ ಕಂಪನಿಯವರು ಜನವರಿಯಿಂದ ಅವರನ್ನು ಕ್ಯಾಲಿಫೋರ್ನಿಯಾ ಆಫೀಸಿಗೆ ಹೋಗಿ ಅಂತಿದ್ದಾರೆ. ಎಲ್ಲರೂ ಒಟ್ಟಿಗೆ ಹೋಗೋದಾ, ಅವರೊಬ್ಬರೇ ಹೋಗೋದಾ? ನನಗೆ ಇಎಡಿ (ಕೆಲಸ ಮಾಡಲು ಅನುಮತಿ ಪತ್ರ) ಇದೆ, ಆದರೆ ಸದ್ಯ ಕೆಲಸ ಮಾಡುತ್ತಿಲ್ಲ. ಮನೆ 2024ರಲ್ಲಿ ತಗೊಂಡಿದ್ದು, ಇಬ್ಬರ ಹೆಸರಲ್ಲೂ ಇದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

—

ಪ್ಲೇನೋ_ಸುಬ್ಬಣ್ಣ:

ಮೇಡಂ, ಮೊದಲು ಪಕ್ಕದ ಮನೆಯವರ ಮಾತು ತಲೆಯಿಂದ ತೆಗೆದುಹಾಕಿ. ಅರ್ಧ ಕೇಳಿಸಿಕೊಂಡು ಪೂರ್ತಿ ಹೇಳಿದ್ದಾರೆ.

2001ರಲ್ಲಿ ಟೆಕ್ಸಾಸ್ ಒಂದು ಕಾನೂನು ಮಾಡಿತು. ಗವರ್ನರ್ ರಿಕ್ ಪೆರ್ರಿ ಸಹಿ ಹಾಕಿದ್ದು. ಹೈಸ್ಕೂಲ್ ಮುಗಿಯುವ ಮೊದಲು 36 ತಿಂಗಳು ಟೆಕ್ಸಾಸ್‌ನಲ್ಲಿ ವಾಸ ಇದ್ದು, ಇಲ್ಲೇ ಹೈಸ್ಕೂಲ್ ಪಾಸಾದವರಿಗೆ ಕಾಗದಪತ್ರ ಇಲ್ಲದಿದ್ದರೂ ಇನ್‌ಸ್ಟೇಟ್ ಫೀ ಅನ್ನೋದು ಅದರ ತಿರುಳು. 2025ರ ಜೂನ್ 4ರಂದು ಕೇಂದ್ರದ ನ್ಯಾಯ ಇಲಾಖೆ ಅದರ ಮೇಲೆ ಕೇಸು ಹಾಕಿತು, ಟೆಕ್ಸಾಸ್ ಅಟಾರ್ನಿ ಜನರಲ್ ವಾದ ಮಾಡೋದು ಬಿಟ್ಟು ಒಪ್ಪಿಕೊಂಡುಬಿಟ್ಟರು, ಅದೇ ದಿನ ಜಡ್ಜ್ ರೀಡ್ ಓ'ಕಾನರ್ ತಡೆ ಆರ್ಡರ್ ಕೊಟ್ಟರು. ಬೆಳಗ್ಗೆ ಕೇಸು, ಸಂಜೆಗೆ ತೀರ್ಪು! ನಮ್ಮ ಕೋರ್ಟುಗಳಲ್ಲಿ ಈ ವೇಗ ಇದ್ದಿದ್ದರೆ ನನ್ನ ತಾತನ ಜಮೀನಿನ ವ್ಯಾಜ್ಯ ಇಷ್ಟೊತ್ತಿಗೆ ಮುಗಿದಿರುತ್ತಿತ್ತು. ಇರಲಿ. ಆ ತಡೆ ಇರುವುದು ಕಾನೂನುಬದ್ಧವಾಗಿ ದೇಶದಲ್ಲಿ ಇಲ್ಲದವರಿಗೆ ಮಾತ್ರ. ನಿಮ್ಮ ಮಗಳು ಎಚ್-4ನಲ್ಲಿ ಸರಿಯಾಗಿ ಇರುವವಳು. ಅವಳಿಗೆ ಅದು ತಟ್ಟುವುದಿಲ್ಲ.

ಆದರೆ ಎರಡನೆಯವರು ಹೇಳಿದ ಮೂರು ವರ್ಷದ ದಾರಿ ನಿಮಗೆ ಆಗಿಬರುವುದಿಲ್ಲ ನೋಡಿ. 2023ರ ಆಗಸ್ಟ್‌ನಿಂದ 2026ರ ಮೇ ತನಕ ಎಣಿಸಿ. 36 ತಿಂಗಳು ಆಗುವುದೇ ಇಲ್ಲ. ಅದು ಗ್ರಾಜುಯೇಷನ್‌ಗೆ ಹಿಂದಿನ 36 ತಿಂಗಳು, ಕಾಲೇಜು ಶುರುವಾಗುವ ದಿನಕ್ಕೆ ಅಲ್ಲ. ಬೇಸಿಗೆ ರಜೆ ಸೇರಿಸಿ ಎಳೆದಾಡೋಕೆ ಆಗಲ್ಲ.

ಹಾಗಂತ ಗಾಬರಿ ಬೇಡ. ನಿಮಗಿರುವುದು ಇನ್ನೊಂದು ದಾರಿ, ಅದೇ ಹೆದ್ದಾರಿ. ಮಗಳು ನಿಮ್ಮ ಅವಲಂಬಿತೆ, ಅಂದ್ರೆ ನೀವು ಫೆಡರಲ್ ಟ್ಯಾಕ್ಸ್ ರಿಟರ್ನ್‌ನಲ್ಲಿ ಅವಳನ್ನು ಡಿಪೆಂಡೆಂಟ್ ಅಂತ ತೋರಿಸುತ್ತೀರಿ. ಹಾಗಿದ್ದಾಗ ಅವಳ ಊರು ಯಾವುದು ಅನ್ನೋದು ಅಪ್ಪ ಅಮ್ಮನ ಊರಿನಿಂದ ತೀರ್ಮಾನ ಆಗುತ್ತದೆ. ಹೆತ್ತವರಲ್ಲಿ ಒಬ್ಬರು ಸೆನ್ಸಸ್ ಡೇಟ್‌ಗೆ ಹಿಂದಿನ 12 ತಿಂಗಳು ಟೆಕ್ಸಾಸ್‌ನಲ್ಲಿ ಡೊಮಿಸೈಲ್, ಅಂದ್ರೆ ಖಾಯಂ ನೆಲೆ, ಇಟ್ಟುಕೊಂಡಿರಬೇಕು. ಸೆನ್ಸಸ್ ಡೇಟ್ ಅಂದರೆ ಸೆಮಿಸ್ಟರ್‌ನ 12ನೇ ಕ್ಲಾಸ್ ದಿನ. ಫಾಲ್ ಸೆಮಿಸ್ಟರ್‌ಗೆ ಅದು ಸೆಪ್ಟೆಂಬರ್ ಹೊತ್ತಿಗೆ ಬರುತ್ತದೆ. ಎಚ್-1ಬಿ, ಎಚ್-4, ಎಲ್-1, ಎಲ್-2 (ಕಂಪನಿಯೊಳಗೆ ವರ್ಗವಾಗಿ ಬರುವವರು, ಅವರ ಕುಟುಂಬ) ಇವೆಲ್ಲ ಟೆಕ್ಸಾಸ್ ಪಟ್ಟಿಯಲ್ಲಿ ಡೊಮಿಸೈಲ್ ಮಾಡಿಕೊಳ್ಳಬಹುದಾದ ವೀಸಾಗಳು. ಎಫ್-1, ಅಂದ್ರೆ ವಿದ್ಯಾರ್ಥಿ ವೀಸಾ, ಆ ಪಟ್ಟಿಯಲ್ಲಿ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದಾಖಲೆ ವಿಷಯ. ಇಲ್ಲಿ ಸ್ಟೇಟ್ ಇನ್‌ಕಮ್ ಟ್ಯಾಕ್ಸ್ ಇಲ್ಲ, ಹಾಗಾಗಿ ಬೇರೆ ರಾಜ್ಯದವರ ಥರ ಸ್ಟೇಟ್ ರಿಟರ್ನ್ ಮುಖಕ್ಕೆ ಹಿಡಿಯೋಕೆ ಆಗಲ್ಲ. ಬಾಡಿಗೆ ಅಗ್ರಿಮೆಂಟ್, ಕರೆಂಟ್ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್ ಇವೆಲ್ಲ ಪೋಷಕ ಪಾತ್ರ ಅಷ್ಟೆ. ಅವನ್ನಷ್ಟೇ ಕೊಟ್ಟರೆ ಸಾಲದು. ನಾಯಕನ ಪಾತ್ರ 12 ತಿಂಗಳ ಕೆಲಸಕ್ಕೆ: ಸಂಬಳದ ಚೀಟಿ, ಇಲ್ಲಾ ಕಂಪನಿಯಿಂದ ಪತ್ರ. ಅಥವಾ 12 ತಿಂಗಳಿಂದ ನಿಮ್ಮ ಹೆಸರಲ್ಲಿರುವ ವಾಸದ ಮನೆ. ಒಬ್ಬರ ಹೆಸರಲ್ಲಿದ್ದರೂ ಆಗುತ್ತದೆ, ಜಂಟಿಯಾದರೂ ಆಗುತ್ತದೆ. ನಿಮಗೆ ಎರಡೂ ಇದೆ.

ಇನ್ನು ಕ್ಯಾಲಿಫೋರ್ನಿಯಾ. ನನ್ನ ಅಭಿಪ್ರಾಯ ಕೇಳಿದರೆ, ಮುಂದಿನ ಸೆಪ್ಟೆಂಬರ್ ದಾಟುವ ತನಕ ನೀವು, ಮಗಳು ಜಾಗ ಬಿಟ್ಟು ಕದಲಬೇಡಿ. ಯಜಮಾನರು ಜನವರಿಯಲ್ಲಿ ಹೋದರೆ ಅವರ ಟೆಕ್ಸಾಸ್ ಡೊಮಿಸೈಲ್ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ಕೆಲಸ ಅಲ್ಲಿ, ಲೈಸೆನ್ಸ್ ಅಲ್ಲಿ, ಟ್ಯಾಕ್ಸ್ ಅಲ್ಲಿ, ಊರು ಮಾತ್ರ ಇಲ್ಲಿ ಅಂದ್ರೆ ಯಾರು ಒಪ್ಪುತ್ತಾರೆ? ಆಗ ನಿಮ್ಮ ಡೊಮಿಸೈಲ್ ಮೇಲೆ ಅರ್ಜಿ ನಿಲ್ಲಬೇಕು. ಮನೆ ಪತ್ರದಲ್ಲಿ ನಿಮ್ಮ ಹೆಸರು ಇರೋದು ಇಲ್ಲಿ ಕೆಲಸಕ್ಕೆ ಬರುತ್ತದೆ. ಮನೆಯನ್ನು ಬಾಡಿಗೆಗೆ ಕೊಡಬೇಡಿ, ಹೋಮ್‌ಸ್ಟೆಡ್ ಎಕ್ಸೆಂಪ್ಷನ್ (ಸ್ವಂತ ವಾಸದ ಮನೆಗೆ ತೆರಿಗೆ ರಿಯಾಯಿತಿ) ಹಾಕಿಸಿದ್ದರೆ ಹಾಗೇ ಇರಲಿ, ನಿಮ್ಮ ಡ್ರೈವಿಂಗ್ ಲೈಸೆನ್ಸ್, ಕಾರಿನ ರಿಜಿಸ್ಟ್ರೇಷನ್ ಎಲ್ಲ ಟೆಕ್ಸಾಸ್‌ದೇ ಇರಲಿ. ಇದು ನಾಟಕ ಆಡೋಕೆ ಹೇಳ್ತಿಲ್ಲ, ನೀವು ನಿಜವಾಗಿಯೂ ಇಲ್ಲೇ ಇರುತ್ತೀರಿ ತಾನೇ, ಅದು ಕಾಗದದಲ್ಲೂ ಕಾಣಲಿ ಅಂತ.

ಆಮೇಲೆ ಯೂನಿವರ್ಸಿಟಿಯ ರೆಸಿಡೆನ್ಸಿ ನೋಡುವವರಿಗೆ ಈಗಲೇ ಇಮೇಲ್ ಮಾಡಿ ಕೇಳಿ. ಫೋನ್ ಬೇಡ. ಫೋನಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ನಾಳೆ ಆ ಮಾತಿಗೆ ಸಾಕ್ಷಿ ಇರಲ್ಲ.

—

ಚನ್ನಪಟ್ಟಣದ_ಗೊಂಬೆ:

ಇಷ್ಟೆಲ್ಲ ಒದ್ದಾಡೋ ಬದಲು ಊರಿಗೆ ಬಂದು ಸಿಇಟಿ ಬರೆಸಿ ಅಕ್ಕ 😄 ಸರ್ಕಾರಿ ಸೀಟು ಸಿಕ್ಕರೆ ಅವರ ಒಂದು ತಿಂಗಳ ಡಾರ್ಮ್ ಬಾಡಿಗೆಯಲ್ಲಿ ಇಲ್ಲಿ ಒಂದು ವರ್ಷ ಓದು ಮುಗಿಯುತ್ತೆ.

—

ಪ್ಲೇನೋ_ಸುಬ್ಬಣ್ಣ:

ಗೊಂಬೆಯವರೇ, ಅಲ್ಲೂ ಇದೇ ಕಥೆ. ಸಿಇಟಿಗೆ 1ನೇ ಕ್ಲಾಸಿನಿಂದ 2ನೇ ಪಿಯುಸಿ ಒಳಗೆ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು ಅನ್ನುವುದು ಮುಖ್ಯ ದಾರಿ. ಇವರ ಮಗಳು ಮೂರನೇ ಕ್ಲಾಸಿನಿಂದ ಅಮೆರಿಕದಲ್ಲಿ. ಹೆತ್ತವರ ಲೆಕ್ಕದಲ್ಲಿ ಬರುವ ಬೇರೆ ಕಲಮುಗಳು ಇವೆ, ಆದರೆ ಅವು ಎಲ್ಲರಿಗೂ ಹೊಂದುವಂಥವಲ್ಲ. ಇಲ್ಲಿ ಎಚ್-4, ಅಲ್ಲಿ ಎನ್‌ಆರ್‌ಐ ಕೋಟಾ. ಎರಡೂ ಕಡೆ ಹೊರಗಿನವರೇ.

—

ಬೇ_ಏರಿಯಾ_ಬಸವ:

ಕ್ಯಾಲಿಫೋರ್ನಿಯಾ ಕಡೆಯಿಂದ ನಾನು ಹೇಳುತ್ತೇನೆ, ಯಾಕಂದ್ರೆ "ಎಲ್ಲರೂ ಒಟ್ಟಿಗೆ ಬಂದುಬಿಡೋಣ, ಬರ್ಕ್ಲಿಗೆ ಹಾಕಿಸೋಣ" ಅನ್ನೋ ಆಸೆ ನಿಮಗೆ ಬಂದಿರಬಹುದು.

ಬೇಡ. ಈ ಜನವರಿಯಲ್ಲಿ ಬಂದರೆ 2026ರ ಫಾಲ್‌ಗೆ ಅವಳು ಇಲ್ಲಿ ನಾನ್-ರೆಸಿಡೆಂಟ್. ಯುಸಿಯಲ್ಲಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಬರ್ಕ್ಲಿ ಅದರದ್ದೇ) 366 ದಿನದ ಲೆಕ್ಕ ಇದೆ, ಒಂದು ವರ್ಷ ಮತ್ತು ಮೇಲೊಂದು ದಿನ, ಅದೂ ಟರ್ಮ್‌ನ ರೆಸಿಡೆನ್ಸ್ ಡಿಟರ್ಮಿನೇಷನ್ ಡೇಟ್‌ಗೆ ಮೊದಲು. ಹೊರಗಿನ ಮಕ್ಕಳು ಮಾಮೂಲಿ ಫೀ ಜೊತೆಗೆ ಕಟ್ಟಬೇಕಾದ ಹೆಚ್ಚುವರಿ ಮೊತ್ತ 2024-25ರಲ್ಲಿ 34,200 ಡಾಲರ್ ಇತ್ತು, 2025-26ಕ್ಕೆ ಹೊಸದಾಗಿ ಸೇರುವವರಿಗೆ 37,602 ಮಾಡಿದ್ದಾರೆ. ಇದು ಪೂರ್ತಿ ಫೀ ಅಲ್ಲ, ಫೀ ಮೇಲೆ ಹಾಕುವುದು. ಎರಡನೇ ವರ್ಷಕ್ಕೆ ರೆಸಿಡೆಂಟ್ ಮಾಡಿ ಅಂತ ಅರ್ಜಿ ಹಾಕಬಹುದು, ನೀವೂ ಆಗ ಇಲ್ಲಿನವರಾಗಿದ್ದರೆ. ಆದರೆ ಅದನ್ನು ನಂಬಿ ಮೊದಲ ವರ್ಷದ ದುಡ್ಡು ಸುರಿಯೋದು ಜೂಜು.

ಇನ್ನೊಂದು ವಿಷಯ ಇದೆ, ಹೇಳಿದರೆ ಹೊಟ್ಟೆ ಉರಿಯುತ್ತೆ. ಇಲ್ಲಿ 2001ರಿಂದ ಎಬಿ 540 ಅಂತ ಕಾನೂನು ಇದೆ. ಕ್ಯಾಲಿಫೋರ್ನಿಯಾದಲ್ಲಿ ಮೂರು ವರ್ಷ ಹೈಸ್ಕೂಲ್ ಓದಿ ಪಾಸಾದರೆ ಹೆಚ್ಚುವರಿ ಫೀ ಮಾಫಿ. ಕಾಗದಪತ್ರ ಇಲ್ಲದ ಮಕ್ಕಳಿಗೂ ಸಿಗುತ್ತೆ, ಸಿಗಲಿ, ಅವರೂ ಇಲ್ಲೇ ಬೆಳೆದವರು, ನನಗೆ ಅದರ ಬಗ್ಗೆ ತಕರಾರಿಲ್ಲ. ಆದರೆ ಟಿ, ಯು ವೀಸಾ (ಅಪರಾಧಕ್ಕೆ ಬಲಿಯಾದವರಿಗೆ ಕೊಡುವುದು) ಬಿಟ್ಟು ಬೇರೆ ನಾನ್-ಇಮಿಗ್ರೆಂಟ್, ಅಂದ್ರೆ ತಾತ್ಕಾಲಿಕ ವೀಸಾದವರು ಆ ಕಾನೂನಿನಿಂದ ಹೊರಗೆ. ಅಂದ್ರೆ ಎಚ್-4 ಮಗು ಕಿಂಡರ್‌ಗಾರ್ಟನ್‌ನಿಂದ ಇಲ್ಲೇ ಓದಿದ್ದರೂ ಎಬಿ 540 ಇಲ್ಲ. ಹೆತ್ತವರ ರೆಸಿಡೆನ್ಸಿ ಮೇಲೆ ಇನ್‌ಸ್ಟೇಟ್ ಸಿಗುತ್ತೆ, ಅದೇ ಗತಿ. ಎಚ್-4 ಇರುವುದು 21 ತುಂಬುವ ತನಕ ಮಾತ್ರ. ಆ ಮಗುವಿಗೆ 21 ತುಂಬಿ ಎಫ್-1ಗೆ ಬದಲಾದರೆ ರೆಸಿಡೆನ್ಸಿಯೂ ಹೋಗುತ್ತೆ, ಎಬಿ 540 ಕೂಡ ಸಿಗಲ್ಲ. ನಿಯಮ ಪಾಲಿಸಿದವರೇ ಎರಡೂ ಕಡೆಯಿಂದ ಪೆಟ್ಟು ತಿನ್ನೋದು. ನಮ್ಮ ಬೀದಿಯಲ್ಲೇ ಹೀಗಾದ ಮನೆ ಇದೆ, ಹುಡುಗ ಕೊನೇ ವರ್ಷ ಪೂರ್ತಿ ಹೊರಗಿನವರ ಫೀ ಕಟ್ಟಿದ.

ಫ್ರಿಸ್ಕೋ ಅಮ್ಮ, ನಿಮ್ಮ ಮಗಳಿಗೆ 21 ಯಾವಾಗ?

—

ಫ್ರಿಸ್ಕೋ_ಅಮ್ಮ:

ಸುಬ್ಬಣ್ಣನವರೇ, ಬಸವ ಅವರೇ, ತುಂಬಾ ಥ್ಯಾಂಕ್ಸ್. ಎಷ್ಟು ದಿನದಿಂದ ಹುಡುಕುತ್ತಿದ್ದೆ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ.

ಅವಳು ಹುಟ್ಟಿದ್ದು 2008ರ ಮಾರ್ಚ್. ಅಂದ್ರೆ 2029ರ ಮಾರ್ಚ್‌ಗೆ 21, ಮೂರನೇ ವರ್ಷದ ಮಧ್ಯದಲ್ಲಿ. ಅಷ್ಟರೊಳಗೆ ನಮ್ಮ ಡೇಟ್ ಬರುವ ಲಕ್ಷಣ ಕಾಣುತ್ತಿಲ್ಲ. ಯಜಮಾನರು "ಈಗಲೇ ಎಫ್-1 ಮಾಡಿಸಿಬಿಡೋಣ, ಇಂಟರ್ನ್‌ಶಿಪ್‌ಗೂ ಅನುಕೂಲ" ಅಂತಿದ್ದಾರೆ. ಅದು ಸರೀನಾ?

—

ಹೇಮಾವತಿ_ದಂಡೆ:

ತಡೀರಿ ತಡೀರಿ, ಎಫ್-1 ಈಗಲೇ ಬೇಡ!

ನನ್ನ ಮಗ ಬೇರೆ ರಾಜ್ಯದಲ್ಲಿ ಓದಿದ್ದು, ಹೆಸರು ಬೇಡ. ಎಚ್-4ನಲ್ಲಿ ಸೇರಿದ, ಇನ್‌ಸ್ಟೇಟ್ ಫೀ. ಎರಡನೇ ವರ್ಷ ಆದ ಮೇಲೆ ಎಲ್ಲ ಫ್ರೆಂಡ್ಸ್ ಇಂಟರ್ನ್‌ಶಿಪ್ ಅಂತ ಹೊರಟರು. ಎಚ್-4 ಮಕ್ಕಳು ಎಷ್ಟು ಬೇಕಾದರೂ ಓದಬಹುದು, ಆದರೆ ಒಂದು ರೂಪಾಯಿ ದುಡಿಯೋ ಹಾಗಿಲ್ಲ. ಕ್ಯಾಂಪಸ್ ಲೈಬ್ರರಿಯಲ್ಲಿ ಪುಸ್ತಕ ಜೋಡಿಸೋ ಕೆಲಸ ಕೂಡ ಇಲ್ಲ. ಪಾಪ ಇವನು ಆಫರ್ ಲೆಟರ್ ಕೈಯಲ್ಲಿ ಹಿಡಿದು ಕೂತಿದ್ದ. ಐ-539 (ವೀಸಾ ಸ್ಥಿತಿ ಬದಲಾಯಿಸಲು, ಮುಂದುವರಿಸಲು ಹಾಕುವ ಅರ್ಜಿ) ಹಾಕಿ ಎಫ್-1ಗೆ ಬದಲಾಯಿಸಿದೆವು. ಮುಂದಿನ ಸೆಮಿಸ್ಟರ್ ಬಿಲ್ ಪೋರ್ಟಲ್‌ನಲ್ಲಿ ಬಂತು. ಹಿಂದಿನ ಬಿಲ್ಲಿನಲ್ಲಿ "ರೆಸಿಡೆಂಟ್" ಅಂತ ಇದ್ದ ಜಾಗದಲ್ಲಿ "ನಾನ್-ರೆಸಿಡೆಂಟ್" ಅಂತ ಬದಲಾಗಿತ್ತು, ಕೆಳಗೆ ಮೊತ್ತ ಮೂರು ಪಟ್ಟು ಹತ್ತಿರ. ನಾವು ಇದ್ದಿದ್ದು ಅದೇ ಮನೆ, ಕಟ್ಟುತ್ತಿದ್ದಿದ್ದು ಅದೇ ಟ್ಯಾಕ್ಸ್. ಮೇಲ್ಮನವಿ ಹಾಕಿದೆವು, ತಿರಸ್ಕಾರ ಆಯಿತು. ಕಾರಣ ಒಂದೇ ಸಾಲಿನಲ್ಲಿ ಕೊಟ್ಟಿದ್ದರು: ಈಗಿನ ವೀಸಾದಲ್ಲಿ ಡೊಮಿಸೈಲ್ ಇಟ್ಟುಕೊಳ್ಳಲು ಬರುವುದಿಲ್ಲ.

ಯಾಕೆ ಹೀಗೆ ಅಂದ್ರೆ, ಎಫ್-1 ತಗೊಳ್ಳುವಾಗ "ನನಗೆ ಬೇರೆ ದೇಶದಲ್ಲಿ ಮನೆ ಇದೆ, ಅದನ್ನು ಬಿಡುವ ಉದ್ದೇಶ ಇಲ್ಲ, ಓದು ಮುಗಿಸಿ ಹೋಗುತ್ತೇನೆ" ಅನ್ನುವುದನ್ನು ಒಪ್ಪಿಕೊಂಡಂತೆ. ಹಾಗೆ ಒಪ್ಪಿಕೊಂಡ ಮೇಲೆ "ಇದೇ ನನ್ನ ಖಾಯಂ ಊರು" ಅಂತ ಯೂನಿವರ್ಸಿಟಿ ಮುಂದೆ ಹೇಳೋಕೆ ಬಾಯಿ ಬರಲ್ಲ. ಎಚ್-1ಬಿಗೆ ಆ ತೊಡಕು ಇಲ್ಲ, 1990ರ ಕಾನೂನಿನಿಂದ ಅದರಲ್ಲಿ ಇದ್ದುಕೊಂಡೇ ಗ್ರೀನ್ ಕಾರ್ಡ್ ಬಯಸಬಹುದು. ಎಚ್-4 ಅದರ ಬೆನ್ನ ಹಿಂದೆಯೇ ಬರುತ್ತದೆ.

ಹಾಗಾಗಿ ನನ್ನ ಸಲಹೆ: ಸೇರುವಾಗ ಎಚ್-4ನಲ್ಲೇ ಸೇರಿಸಿ, ರೆಸಿಡೆಂಟ್ ಅಂತ ದಾಖಲಾಗಲಿ. ಇಂಟರ್ನ್‌ಶಿಪ್‌ಗೆ ಅಂತಲೇ ಎಫ್-1 ಬೇಕು ಅನ್ನಿಸಿದರೆ ಆಗ ದುಡ್ಡಿನ ಲೆಕ್ಕ ಹಾಕಿ. ಒಂದು ಬೇಸಿಗೆಯ ಇಂಟರ್ನ್‌ಶಿಪ್ ಸಂಬಳ ಎಷ್ಟು, ಎರಡು ವರ್ಷದ ಹೆಚ್ಚುವರಿ ಫೀ ಎಷ್ಟು? ಹುಡುಗರಿಗೆ ಇದು ಹೇಳಿದರೆ ಕೋಪ ಬರುತ್ತೆ, ಆದರೂ ಕೂರಿಸಿಕೊಂಡು ಲೆಕ್ಕ ತೋರಿಸಿ. 18 ಆಗುವ ಹೊತ್ತಿಗೆ ಅವರಿಗೂ ಮನೆಯ ಕಷ್ಟ ಸುಖ ಗೊತ್ತಾಗಲಿ.

—

ಪ್ಲೇನೋ_ಸುಬ್ಬಣ್ಣ:

ದಂಡೆಯವರು ಹೇಳಿದ್ದು ಸರಿ. ಟೆಕ್ಸಾಸ್ ಮಟ್ಟಿಗೆ ಒಂದೆರಡು ಮಾತು ಸೇರಿಸುತ್ತೇನೆ. ಇಲ್ಲಿ ಒಂದು ಸಲ ರೆಸಿಡೆಂಟ್ ಅಂತ ದಾಖಲಾದ ಮೇಲೆ, ಓದು ಮಧ್ಯೆ ಬಿಡದೆ ಅದೇ ಯೂನಿವರ್ಸಿಟಿಯಲ್ಲಿ ಮುಂದುವರಿದರೆ, ಪ್ರತಿ ಸೆಮಿಸ್ಟರ್ ಹೊಸದಾಗಿ ಸಾಬೀತು ಮಾಡಬೇಕಿಲ್ಲ. ಆದರೆ ಅವರ ಕೈಗೆ ಹೊಸ ಮಾಹಿತಿ ಬಂದರೆ ಮತ್ತೆ ನೋಡುತ್ತಾರೆ. ವೀಸಾ ಬದಲಾವಣೆ ಅಂಥ ಮಾಹಿತಿ. ಆದ್ದರಿಂದ 2029ರ ಮಾರ್ಚ್ ಹತ್ತಿರ ಬಂದಾಗ, ಐ-539 ಕಳಿಸುವ ಮೊದಲು ರೆಸಿಡೆನ್ಸಿ ಆಫೀಸಿಗೆ ಇಮೇಲ್ ಹಾಕಿ ಉತ್ತರ ತರಿಸಿಕೊಂಡು ಇಟ್ಟುಕೊಳ್ಳಿ.

ಇಲ್ಲಿ ಆ 36 ತಿಂಗಳ ವಿಷಯ ಮತ್ತೆ ಬರುತ್ತೆ ನೋಡಿ. ಟೆಕ್ಸಾಸ್‌ನಲ್ಲಿ 36 ತಿಂಗಳು ತುಂಬಿಸಿ ಹೈಸ್ಕೂಲ್ ಮುಗಿಸಿದ ಮಕ್ಕಳು, ಕಾನೂನುಬದ್ಧವಾಗಿ ಇರುವವರಾದರೆ, ಆ ದಾರಿಯಲ್ಲೇ ಹೋಗಬಹುದು. ಅವರಿಗೆ ಹೆತ್ತವರ ಊರಿನ ಹಂಗಿಲ್ಲ. ಅಪ್ಪ ಅಮ್ಮ ಆಮೇಲೆ ಅಲಾಸ್ಕಾಗೆ ಹೋದರೂ ನಡೆಯುತ್ತೆ. ನಿಮ್ಮ ಮಗಳಿಗೆ ಸ್ವಲ್ಪದರಲ್ಲಿ ತಪ್ಪಿಹೋಯಿತು. ಇದನ್ನು ಓದುತ್ತಿರುವ ಬೇರೆ ಯಾರಾದರೂ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಕರೆದುಕೊಂಡು ಟೆಕ್ಸಾಸ್‌ಗೆ ಬರುವವರಿದ್ದರೆ, 9ನೇ ಕ್ಲಾಸ್ ಮುಗಿಯುವ ವರ್ಷದ ಮೇ ತಿಂಗಳ ಆರಂಭದೊಳಗೆ ಬಂದುಬಿಡಿ. ಬೇಸಿಗೆ ರಜೆ ಮುಗಿಸಿಕೊಂಡು ಆಗಸ್ಟ್‌ನಲ್ಲಿ ಬಂದರಾಯಿತು ಅಂತ ಕೂರಬೇಡಿ.

ಅರ್ಜಿಯಲ್ಲಿ ರೆಸಿಡೆನ್ಸಿ ಪ್ರಶ್ನೆಗಳ ಒಂದು ಭಾಗ ಬರುತ್ತದೆ. ಮಗಳ ಪಕ್ಕದಲ್ಲಿ ನೀವೇ ಕೂತು ತುಂಬಿಸಿ. ಅಪ್ಪನ ಬಗ್ಗೆ ಉತ್ತರ ಕೊಡೋದಾ, ಅಮ್ಮನ ಬಗ್ಗೆ ಕೊಡೋದಾ ಅಂತ ಮೊದಲೇ ತೀರ್ಮಾನ ಮಾಡಿ, ಕೊನೆ ತನಕ ಅದನ್ನೇ ಹಿಡಿದುಕೊಳ್ಳಿ. ಆಸ್ಟಿನ್‌ಗೆ ಇದು ಬರೀ ಫೀ ವಿಷಯವೂ ಅಲ್ಲ. ಅಲ್ಲಿ ಹೊಸದಾಗಿ ಸೇರುವವರಲ್ಲಿ ನೂರಕ್ಕೆ 90 ಜನ ಟೆಕ್ಸಾಸ್‌ನವರೇ ಇರಬೇಕು. ಮಗಳು ಕ್ಲಾಸಿನಲ್ಲಿ ಮೇಲಿನ 5% ಒಳಗಿದ್ದರೆ ಆಟೋಮ್ಯಾಟಿಕ್ ಸೀಟು, 2026ರ ಫಾಲ್‌ನಿಂದ 6 ಇದ್ದದ್ದು 5 ಆಗಿದೆ. ಫ್ರಿಸ್ಕೋ ಶಾಲೆಗಳಲ್ಲಿ ಆ 5% ಅಂದ್ರೆ ಏನು ಅಂತ ನಾನು ಹೇಳಬೇಕಿಲ್ಲ, ನೀವೇ ದಿನಾ ನೋಡುತ್ತಿದ್ದೀರಿ.

ಎಲ್ಲ ಕೈಕೊಟ್ಟರೂ ಒಂದು ಕಿಟಕಿ ಉಂಟು. ಯೂನಿವರ್ಸಿಟಿಯಿಂದ ಕನಿಷ್ಠ 1,000 ಡಾಲರ್‌ನ ಸ್ಪರ್ಧಾತ್ಮಕ ಸ್ಕಾಲರ್‌ಶಿಪ್ ಸಿಕ್ಕರೆ ಹೊರಗಿನವರಿಗೂ ಇನ್‌ಸ್ಟೇಟ್ ದರ ಕೊಡಲು ಟೆಕ್ಸಾಸ್ ಕಾನೂನಿನಲ್ಲಿ ಅವಕಾಶ ಇದೆ. ಎಲ್ಲ ಕಡೆ ಧಾರಾಳವಾಗಿ ಕೊಡಲ್ಲ, ಆದರೂ ಸ್ಕಾಲರ್‌ಶಿಪ್ ಅರ್ಜಿಗಳ ಕೊನೆ ದಿನ ತಪ್ಪಿಸಬೇಡಿ. ಫೆಡರಲ್ ಸಾಲ, ಅನುದಾನ ಎಚ್-4ಗೆ ಇಲ್ಲ, ಅದರ ಹಿಂದೆ ಹೋಗಿ ಟೈಮ್ ಕಳೆಯಬೇಡಿ.

—

ಮೇರಿಲ್ಯಾಂಡ್_ಮಾವ:

ಚರ್ಚೆ ಚೆನ್ನಾಗಿದೆ. ಹಳೇ ಕಥೆ ಒಂದು ಹೇಳುತ್ತೇನೆ, ಯಾಕಂದ್ರೆ ವೀಸಾ ಮೇಲೆ ಇರುವ ಮಕ್ಕಳು ಇನ್‌ಸ್ಟೇಟ್ ಫೀ ಕೇಳಿ ಸುಪ್ರೀಂ ಕೋರ್ಟ್ ತನಕ ಹೋಗಿದ್ದು ನಮ್ಮ ಮೇರಿಲ್ಯಾಂಡ್‌ನಿಂದಲೇ.

ಎಪ್ಪತ್ತರ ದಶಕದಲ್ಲಿ ವಿಶ್ವಬ್ಯಾಂಕ್‌ನಂಥ ಅಂತರರಾಷ್ಟ್ರೀಯ ಸಂಸ್ಥೆಗಳ ನೌಕರರು ಜಿ-4 ವೀಸಾದಲ್ಲಿ ವಾಷಿಂಗ್ಟನ್ ಸುತ್ತಮುತ್ತ ಇದ್ದರು, ಈಗಲೂ ಇದ್ದಾರೆ. ಅವರ ಮಕ್ಕಳು ಇಲ್ಲೇ ಬೆಳೆದವರು. ಯೂನಿವರ್ಸಿಟಿ ಆಫ್ ಮೇರಿಲ್ಯಾಂಡ್ ಅವರಿಗೆ ಇನ್‌ಸ್ಟೇಟ್ ಇಲ್ಲ ಅಂದಿತು. ಕೇಸು ಒಂದು ಸಲ 1978ರಲ್ಲಿ ಸುಪ್ರೀಂ ಕೋರ್ಟ್ ಮುಟ್ಟಿ ಕೆಳಗೆ ವಾಪಸ್ ಬಂತು, ಮತ್ತೆ ಮೇಲೆ ಹೋಗಿ 1982ರಲ್ಲಿ ಟೋಲ್ ವರ್ಸಸ್ ಮೊರೆನೋ ಅಂತ ತೀರ್ಮಾನ ಆಯಿತು. ಈ ವೀಸಾದವರು ದೇಶದಲ್ಲಿ ಖಾಯಂ ನೆಲೆ ಮಾಡಿಕೊಳ್ಳಲು ಕಾಂಗ್ರೆಸ್ ಅಡ್ಡಿ ಮಾಡಿಲ್ಲ, ಹೀಗಿರುವಾಗ ಒಂದು ರಾಜ್ಯ ವೀಸಾ ನೋಡಿಯೇ ಅವರ ಮೇಲೆ ಹೆಚ್ಚಿನ ಹೊರೆ ಹಾಕುವಂತಿಲ್ಲ ಅಂತ ಕೋರ್ಟ್ ಹೇಳಿತು. ಅದಕ್ಕೂ ಮುಂಚೆ 1973ರಲ್ಲಿ ಕನೆಕ್ಟಿಕಟ್ ಕೇಸಿನಲ್ಲಿ, ಒಮ್ಮೆ ಹೊರಗಿನವನು ಅಂತ ಬರೆದರೆ ಓದು ಮುಗಿಯುವ ತನಕ ಅದನ್ನು ಬದಲಾಯಿಸಲು ಅವಕಾಶವೇ ಇಲ್ಲ ಅನ್ನುವ ನಿಯಮ ನಡೆಯುವುದಿಲ್ಲ ಅಂದಿತ್ತು. ಒಂದು ವರ್ಷ ಕಾಯಿರಿ ಅನ್ನುವುದಕ್ಕೆ ಮಾತ್ರ ಕೋರ್ಟಿನ ತಕರಾರಿಲ್ಲ. ಹಾಗಾಗಿಯೇ ಎಷ್ಟೋ ರಾಜ್ಯಗಳಲ್ಲಿ ಈ 12 ತಿಂಗಳು ಅನ್ನೋದು ಕಾಣುತ್ತೆ.

ಎಚ್-1ಬಿ, ಎಲ್ ವೀಸಾಗಳನ್ನು ಹಲವು ರಾಜ್ಯಗಳು ಒಪ್ಪಿಕೊಂಡು ಎಫ್-1 ಬಿಡುವುದರ ಹಿಂದೆ ಇದೇ ತರ್ಕ ಇದೆ. ರೆಸಿಡೆನ್ಸಿ ಕೌಂಟರ್‌ನಲ್ಲಿ ಕೂತ ಹುಡುಗನಿಗೆ ಇದೆಲ್ಲ ಗೊತ್ತಿರಲ್ಲ. ಸುಮ್ನೆ "ವೀಸಾ ಇದೆ, ಇಂಟರ್‌ನ್ಯಾಷನಲ್" ಅಂತ ಒತ್ತಿಬಿಡುತ್ತಾನೆ. ಹಾಗೆ ಆದರೆ ಮುದುಡಿಕೊಂಡು ದುಡ್ಡು ಕಟ್ಟಬೇಡಿ. ಲಿಖಿತವಾಗಿ ಕಾರಣ ಕೇಳಿ, ಮೇಲ್ಮನವಿ ಹಾಕಿ. ಕೊನೆ ದಿನ ಯಾವಾಗ ಅಂತ ಮಾತ್ರ ಮೊದಲು ನೋಡಿಕೊಳ್ಳಿ.

—

ಫ್ರಿಸ್ಕೋ_ಅಮ್ಮ:

ಎಲ್ಲ ಓದಿ ಯಜಮಾನರಿಗೂ ಓದಿಸಿದೆ. ಅವರೊಬ್ಬರೇ ಹೋಗುವುದು, ಬೇಕಾದಾಗ ವಾರಾಂತ್ಯಕ್ಕೆ ಬರುವುದು, ನಾನು ಮಗಳು ಇಲ್ಲೇ ಅಂತ ಮಾತಾಯಿತು. ನಾನೂ ಇಎಡಿ ಮೇಲೆ ಕೆಲಸ ಹುಡುಕುತ್ತೇನೆ, ಎಷ್ಟು ತಿಂಗಳು ಆದರೂ ಸರಿ, ಚೀಟಿ ಇರಲಿ. ಅರ್ಜಿಯಲ್ಲಿ ನನ್ನ ಹೆಸರಿನ ಮೇಲೆ, ಮನೆ ಪತ್ರದ ಮೇಲೆ ಉತ್ತರ ಕೊಡುತ್ತೇವೆ. ಎಫ್-1 ಮಾತು ಸದ್ಯಕ್ಕೆ ಬಂದ್.

ಒಂದು ಕೊನೇ ಡೌಟು. ಈ ಬೇಸಿಗೆಯಲ್ಲಿ ಮೈಸೂರಿಗೆ ಹೋಗಿ ಬಂದೆವು, ಜುಲೈನಲ್ಲಿ ವಾಪಸ್. ಅದರಿಂದ 12 ತಿಂಗಳ ಲೆಕ್ಕಕ್ಕೆ ತೊಂದರೆ ಇದೆಯಾ?

—

ಬೇ_ಏರಿಯಾ_ಬಸವ:

ಇಲ್ಲ ಮೇಡಂ. ರಜೆಗೆ ಹೋಗಿ ಬಂದರೆ ಊರು ಬದಲಾಗಲ್ಲ, ಮನೆ ಸಾಮಾನು ಎಲ್ಲ ಇಲ್ಲೇ ಇತ್ತಲ್ಲ.

ಆದರೆ ಜುಲೈನಲ್ಲಿ ವಾಪಸ್ ಬಂದಿರಿ ಅಂದಿರಿ, ಅದಕ್ಕೇ ಕೇಳುತ್ತೇನೆ: ಮಗಳ ಐ-94 (ದೇಶದೊಳಗೆ ಬಂದಾಗ ಯಾವ ದಿನದ ತನಕ ಇರಬಹುದು ಅಂತ ಕೊಡುವ ದಾಖಲೆ) ನೋಡಿದ್ದೀರಾ? ನಮ್ಮ ಮಕ್ಕಳ ಪಾಸ್‌ಪೋರ್ಟ್ ಕೊಡುವುದು 5 ವರ್ಷಕ್ಕೆ, ಇಲ್ಲಾ 18 ತುಂಬುವ ತನಕ. ಏರ್‌ಪೋರ್ಟ್‌ನಲ್ಲಿ ಆಫೀಸರ್ ಎಷ್ಟೋ ಸಲ ಐ-797ನಲ್ಲಿ (ಇಮಿಗ್ರೇಷನ್ ಇಲಾಖೆ ಕಳಿಸುವ ಪತ್ರ) ಇರುವ ದಿನಾಂಕ ಬಿಟ್ಟು ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ಐ-94 ಕೊಟ್ಟುಬಿಡುತ್ತಾರೆ. ಕೈಯಲ್ಲಿ 2027ರ ತನಕ ಐ-797 ಇದೆ ಅಂತ ನಾವು ನಿಶ್ಚಿಂತೆಯಿಂದ ಇರುತ್ತೇವೆ, ಆದರೆ ದೇಶದೊಳಗೆ ಇರಲು ಲೆಕ್ಕಕ್ಕೆ ಬರುವುದು ಕೊನೆಯ ಸಲ ಒಳಗೆ ಬಂದಾಗಿನ ಐ-94. ಈಗ ಟೆಕ್ಸಾಸ್ ಯೂನಿವರ್ಸಿಟಿಗಳು ಕಾನೂನುಬದ್ಧವಾಗಿ ಇದ್ದಾರಾ ಅಂತ ನೋಡಲೇಬೇಕು. ಐ-94 ಮುಗಿದುಹೋಗಿದ್ದರೆ ಇಷ್ಟು ಹೊತ್ತು ಮಾತಾಡಿದ್ದೆಲ್ಲ ನೀರು ಪಾಲು. ಸಿಬಿಪಿ (ಅಮೆರಿಕದ ಗಡಿ ಇಲಾಖೆ) ವೆಬ್‌ಸೈಟ್‌ನಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕಿದರೆ ಎರಡು ನಿಮಿಷದಲ್ಲಿ ಬರುತ್ತೆ.

—

ಫ್ರಿಸ್ಕೋ_ಅಮ್ಮ:

ಅಯ್ಯೋ ದೇವರೇ. ಈಗ ನೋಡಿದೆ. ನನ್ನದು, ಯಜಮಾನರದ್ದು 2027 ಇದೆ. ಅವಳದ್ದು ಮಾತ್ರ ಮಾರ್ಚ್ 2026! ಪಾಸ್‌ಪೋರ್ಟ್ ಕೂಡ ಅವತ್ತೇ ಮುಗಿಯುತ್ತೆ.

—

ಹೇಮಾವತಿ_ದಂಡೆ:

ಗಾಬರಿ ಆಗಬೇಡಿ, ಇನ್ನೂ ಮುಗಿದಿಲ್ಲ ಅಲ್ವಾ, ಟೈಮ್ ಇದೆ. ಮೊದಲು ವಿಎಫ್‌ಎಸ್ (ಪಾಸ್‌ಪೋರ್ಟ್ ಅರ್ಜಿ ತಗೊಳ್ಳುವ ಏಜೆನ್ಸಿ) ಮೂಲಕ ಪಾಸ್‌ಪೋರ್ಟ್ ರಿನ್ಯೂವಲ್‌ಗೆ ಹಾಕಿ, ಈ ವಾರವೇ. ಹೊಸ ಪಾಸ್‌ಪೋರ್ಟ್ ಬಂದ ಮೇಲೆ ಮಾರ್ಚ್‌ಗೆ ಮುಂಚೆ ಐ-539 ಹಾಕಿ ಎಚ್-4 ಮುಂದುವರಿಸಬೇಕು. ಇಲ್ಲಾ ವೀಸಾ ಸ್ಟಾಂಪಿಂಗ್ ಇನ್ನೂ ಇದ್ದರೆ ಹೊಸ ಪಾಸ್‌ಪೋರ್ಟ್ ಹಿಡಿದು ಒಂದು ಸಲ ದೇಶದ ಹೊರಗೆ ಹೋಗಿ ಬಂದು ಹೊಸ ಐ-94 ತಗೊಳ್ಳಬೇಕು. ಯಾವುದು ಒಳ್ಳೇದು ಅಂತ ಯಜಮಾನರ ಕಂಪನಿ ವಕೀಲರನ್ನು ಕೇಳಿ, ಅವರಿಗೆ ಇದು ದಿನಾ ಬರುವ ಕೇಸು. ಐ-539 ಹಾಕಿದರೆ ರಸೀದಿಯ ಐ-797 ಪ್ರತಿಯನ್ನು ರೆಸಿಡೆನ್ಸಿ ಫೈಲಿಗೂ ಸೇರಿಸಿ.

ಮಕ್ಕಳ ಪಾಸ್‌ಪೋರ್ಟ್ ಫೋಟೋ ಇಲ್ಲಿನ ಅಂಗಡಿಗಳಲ್ಲಿ ತೆಗೆಸುವಾಗ ಇಂಡಿಯನ್ ಪಾಸ್‌ಪೋರ್ಟ್‌ಗೆ ಅಂತ ಹೇಳಿ ತೆಗೆಸಿ, ಆ ಒಂದು ಕಾರಣಕ್ಕೆ ನಮ್ಮ ಅರ್ಜಿ ವಾಪಸ್ ಬಂದಿತ್ತು.